ಅಂಕಿ ಇಳಿಯಿತು, ರೋಗಿ ಉಳಿಯಲಿಲ್ಲ

ಪಾದರಸದ ವಿಷ ಏರಿದವರಿಗೆ ವೈದ್ಯರು ಮಾಡುವುದು ಕೀಲೇಶನ್. ಲೋಹಕ್ಕೆ ಅಂಟಿಕೊಂಡು ಅದನ್ನು ಮೂತ್ರದಲ್ಲಿ ಹೊರಹಾಕುವ ಔಷಧಿ ಕೊಡುವುದು. ಈ ಪದ್ಧತಿಯ ಬಲವೆಷ್ಟು, ಮಿತಿಯೆಷ್ಟು ಎಂದು ತಿಳಿಯಲು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ 1998ರಲ್ಲಿ ಪ್ರಕಟಿಸಿದ ಒಂದೇ ವರದಿ ಸಾಕು. ರೋಗಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್.

1996ರ ಆಗಸ್ಟ್‌ನಲ್ಲಿ ಡೈಮೀಥೈಲ್ ಪಾದರಸದ ಕೆಲವೇ ಹನಿಗಳು ಅವರ ಲೇಟೆಕ್ಸ್ ಕೈಗವಸಿನ ಮೇಲೆ ಬಿದ್ದವು. ಆ ಗವಸನ್ನು ದಾಟಲು ಈ ದ್ರವಕ್ಕೆ 15 ಸೆಕೆಂಡು ಸಾಕೆಂಬುದು ಪರೀಕ್ಷೆಯಲ್ಲಿ ಗೊತ್ತಾದದ್ದು ಆಮೇಲೆ. ಮುಂದಿನ ಜನವರಿಯಲ್ಲಿ ಹೆಜ್ಜೆ ತಪ್ಪತೊಡಗಿತು, ಮಾತು ತೊದಲಿತು. ರಕ್ತದಲ್ಲಿ ಲೀಟರಿಗೆ 4,000 ಮೈಕ್ರೊಗ್ರಾಂ ಪಾದರಸವಿತ್ತು. 200 ದಾಟಿದರೇ ಅಪಾಯ.

ಹನಿ ಬಿದ್ದ 168ನೇ ದಿನ ಸಕ್ಸಿಮರ್ ಎಂಬ ಕೀಲೇಶನ್ ಔಷಧಿ ಆರಂಭವಾಯಿತು. ದಿನವೊಂದರ ಮೂತ್ರದಲ್ಲಿ 257 ಮೈಕ್ರೊಗ್ರಾಂ ಹೋಗುತ್ತಿದ್ದ ಪಾದರಸ 39,800ಕ್ಕೆ ಏರಿತು. ರಕ್ತವನ್ನೂ ಬದಲಿಸಿದರು. ಲೆಕ್ಕದಲ್ಲಿ ಇದು ಗೆಲುವು. ಆದರೆ ಮಿದುಳಿಗೆ ಆಗಬೇಕಾದ ಹಾನಿ ಅಷ್ಟರಲ್ಲಿ ಆಗಿಹೋಗಿತ್ತು. ಫೆಬ್ರುವರಿಯಲ್ಲಿ ಪ್ರಜ್ಞೆ ತಪ್ಪಿತು, ಜೂನ್ 8ರಂದು ಅವರು ತೀರಿಕೊಂಡರು. 1971–72ರಲ್ಲಿ ಇರಾಕ್‌ನಲ್ಲಿ ಪಾದರಸ ಲೇಪಿಸಿದ ಬಿತ್ತನೆ ಗೋಧಿ ತಿಂದವರಲ್ಲೂ ಔಷಧಿ ರಕ್ತದ ಅಂಕಿಯನ್ನು ಇಳಿಸಿತೇ ಹೊರತು ನರಗಳನ್ನು ಸರಿಪಡಿಸಲಿಲ್ಲ.

ವರದಿಯ ನಿಜವಾದ ಸತ್ವ ಇರುವುದು ಕೂದಲಿನ ಪರೀಕ್ಷೆಯಲ್ಲಿ. ಕೂದಲೆಳೆಯನ್ನು ತುಂಡು ತುಂಡಾಗಿ ಅಳೆದಾಗ ಪಾದರಸ ಒಮ್ಮೆಲೇ ಏರಿ, ಮೆಲ್ಲಗೆ ಇಳಿದದ್ದು ಕಂಡಿತು. ವಿಷ ತಗುಲಿದ್ದು ಒಂದೇ ಸಲ ಎಂಬುದು ಖಚಿತವಾಯಿತು. ನಿಗಾ ಎಂದರೆ ಇದು: ಯಾವ ರೂಪದ ಪಾದರಸ, ಎಲ್ಲಿಂದ, ಯಾವಾಗ ಎಂದು ಕೇಳುವುದು. ಮೀಥೈಲ್ ಪಾದರಸವಾದರೆ ರಕ್ತ, ಕೂದಲು ನೋಡಬೇಕು; ಆವಿ ಅಥವಾ ಲವಣವಾದರೆ ಮೂತ್ರ. ಔಷಧಿಯಲ್ಲೂ ಇದೇ ವಿವೇಚನೆ ಬೇಕು. ಬಿಎಎಲ್ ಎಂಬ ಹಳೆಯ ಕೀಲೇಶನ್ ಚುಚ್ಚುಮದ್ದನ್ನು ಮೀಥೈಲ್ ಪಾದರಸಕ್ಕೆ ಕೊಟ್ಟರೆ ಅದು ವಿಷವನ್ನು ಮಿದುಳಿಗೇ ಸಾಗಿಸಬಹುದು.

ಇಷ್ಟು ಗೊತ್ತಿದ್ದೂ ಕೆಲವರು ಮೊದಲು ಕೀಲೇಶನ್ ಮಾತ್ರೆ ನುಂಗಿಸಿ, ಆಮೇಲೆ ಮೂತ್ರ ಅಳೆದು, ಏರಿದ ಅಂಕಿ ತೋರಿಸಿ ಹೆದರಿಸುತ್ತಾರೆ. ಮಾತ್ರೆ ಕೊಟ್ಟರೆ ಆರೋಗ್ಯವಂತರಲ್ಲೂ ಅಂಕಿ ಏರುತ್ತದೆ. ಅಮೆರಿಕದ ವಿಷವೈದ್ಯರ ಸಂಸ್ಥೆಯೇ ಈ ಪರೀಕ್ಷೆಯನ್ನು ತಿರಸ್ಕರಿಸಿದೆ. ಇದು ರೋಗಪತ್ತೆಯಲ್ಲ, ವ್ಯಾಪಾರ.

ಚರ್ಮ ಬೆಳ್ಳಗಾಗಿಸುವ ಕ್ರೀಮಿನಲ್ಲೋ ಒಡೆದ ಉಪಕರಣದಲ್ಲೋ ಪಾದರಸವಿದೆಯೆಂಬ ಅನುಮಾನ ಬಂದರೆ ಮೊದಲು ಅದರಿಂದ ದೂರವಾಗಿ. ಮಾತ್ರೆ ನುಂಗುವ ಮೊದಲೇ ಪರೀಕ್ಷೆ ಮಾಡಿಸಿ. ತಡವಾದರೆ ಔಷಧಿ ಲೋಹವನ್ನು ತೆಗೆದೀತು, ಸತ್ತ ನರಕೋಶವನ್ನು ಬದುಕಿಸಲಾರದು.