ಬಹುಮಾನದ ಕವ್ವಾಲಿ, ವಸತಿ ಶಾಲೆಯ ಸಂಜೆ

ನಮ್ಮ ವಸತಿ ಶಾಲೆಗಳಲ್ಲಿ ನಡೆಯುವ ಹಾಡು-ಕುಣಿತದ ಬಗ್ಗೆ ಯಾರೂ ವಿಮರ್ಶೆ ಬರೆಯುವುದಿಲ್ಲ. ಮಕ್ಕಳ ಕಾರ್ಯಕ್ರಮ, ಚೆನ್ನಾಗಿತ್ತು ಎಂದು ಚಪ್ಪಾಳೆ ತಟ್ಟಿ ಎದ್ದು ಬರುವುದೇ ರೂಢಿ. ಆದರೆ ಒಂದು ಸಮಾಜ ತನ್ನ ಮಕ್ಕಳನ್ನು ವೇದಿಕೆಗೆ ಹೇಗೆ ಹತ್ತಿಸುತ್ತದೆ, ಎಷ್ಟು ಹೊತ್ತು ನಿಲ್ಲಿಸುತ್ತದೆ, ಯಾರ ಜೊತೆ ನಿಲ್ಲಿಸುತ್ತದೆ ಎಂಬುದನ್ನು ನೋಡಿದರೆ ಆ ಸಮಾಜಕ್ಕೆ ಕಲೆಯ ಬಗ್ಗೆ ಇರುವ ತಿಳಿವಳಿಕೆ ಗೊತ್ತಾಗಿಬಿಡುತ್ತದೆ. ಉರ್ದು ಮತ್ತು ಕನ್ನಡ ಎರಡರಲ್ಲೂ ಅಕ್ಷರ ಕಲಿತ ನಮ್ಮಂಥವರಿಗಂತೂ ಶಾಲಾ ವೇದಿಕೆಯ ಕವ್ವಾಲಿಯನ್ನು ನೋಡಿ ಸುಮ್ಮನಿರುವುದು ಕಷ್ಟ.

ಶಿಕ್ಷಣ ಇಲಾಖೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಶುರು ಮಾಡಿದ ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆ, ಜನಪದ ನೃತ್ಯ, ಮಿಮಿಕ್ರಿ, ಛದ್ಮವೇಷಗಳ ಜೊತೆಗೆ ಕವ್ವಾಲಿಗೂ ಜಾಗವಿದೆ. ಕ್ಲಸ್ಟರ್‌ನಿಂದ ತಾಲ್ಲೂಕಿಗೆ, ಜಿಲ್ಲೆಗೆ, ರಾಜ್ಯಕ್ಕೆ ಮಕ್ಕಳು ಹಾಡುತ್ತಾ ಹೋಗುತ್ತಾರೆ. ಉರ್ದು ಅಕ್ಷರ ಗೊತ್ತಿಲ್ಲದ ಹಳ್ಳಿಯ ಮಕ್ಕಳು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕವ್ವಾಲಿ ಕಲಿಯುತ್ತಾರೆ. ಇದು ಸಂತೋಷದ ವಿಷಯ. ದ್ವೇಷ ಭಾಷಣಕ್ಕೆ ಮೈಕು ಸಲೀಸಾಗಿ ಸಿಗುವ ಕಾಲದಲ್ಲಿ ಸರ್ಕಾರಿ ವೇದಿಕೆಯೊಂದು ಕವ್ವಾಲಿಯನ್ನು ಎಲ್ಲರ ಸ್ವತ್ತು ಎಂದು ಒಪ್ಪಿಕೊಂಡಿದೆಯಲ್ಲ, ಅದಕ್ಕೆ ಕೃತಜ್ಞರಾಗಿಯೇ ಮುಂದಿನ ಮಾತು ಹೇಳಬೇಕು.

ಆ ವೇದಿಕೆಯ ಮೇಲೆ ನಾವು ಮತ್ತೆ ಮತ್ತೆ ಕಂಡದ್ದು ಇಷ್ಟು: ತಲೆಗೆ ಟೋಪಿ, ಕೊರಳಿಗೆ ಚೌಕಳಿ ವಸ್ತ್ರ, ಕಾಡಿಗೆಯಲ್ಲಿ ಬರೆದ ಗಡ್ಡ. ಸಿನಿಮಾ ಕವ್ವಾಲಿಯ ಒಂದು ಮಟ್ಟು. ನಡುವೆ ಕೂತ ಹುಡುಗ ಪೂರ್ತಿ ಹಾಡುತ್ತಾನೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ, ತಲೆದೂಗುತ್ತಾರೆ, ಕೈ ಚಾಚುತ್ತಾರೆ. ಮಾತಿನ ಅರ್ಥ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಎಂಬುದು ಮುಖದಲ್ಲೇ ಕಾಣುತ್ತದೆ. ಕೆಲವೇ ನಿಮಿಷದಲ್ಲಿ ಗಂಟೆ ಬಾರಿಸುತ್ತದೆ, ಗಡ್ಡ ಒರೆಸಿಕೊಂಡು ಇಳಿಯುತ್ತಾರೆ. ಛದ್ಮವೇಷ ಸ್ಪರ್ಧೆಗೂ ಕವ್ವಾಲಿಗೂ ನಡುವಿನ ಗೋಡೆ ಬಿದ್ದುಹೋಗಿರುತ್ತದೆ. ಮುಸಲ್ಮಾನ ಎಂದರೆ ಒಂದು ಟೋಪಿ, ಒಂದು ಗಡ್ಡ ಎಂಬ ಪಾಠವನ್ನು ಯಾವ ಕೆಟ್ಟ ಉದ್ದೇಶವೂ ಇಲ್ಲದೆ ನಾವು ಹತ್ತು-ಹನ್ನೆರಡರ ಮಕ್ಕಳಿಗೆ ಕಲಿಸುತ್ತಿದ್ದೇವೆ. ಮುಸ್ಲಿಂ ಮಕ್ಕಳಿಗೂ ಅದನ್ನೇ ಕಲಿಸುತ್ತಿದ್ದೇವೆ.

ಕವ್ವಾಲಿಯಲ್ಲಿ ಮುಖ್ಯ ಗಾಯಕನ ಸುತ್ತ ಕೂರುವವರಿಗೆ ಉರ್ದುವಿನಲ್ಲಿ ‘ಹಮ್‌ನವಾ’ ಎನ್ನುತ್ತಾರೆ. ದನಿಗೆ ದನಿಯಾದವರು ಎಂದರ್ಥ. ಹಳೆಯ ಗ್ರಾಮಾಫೋನ್ ತಟ್ಟೆಗಳ ಮೇಲೂ ಗಾಯಕರ ಹೆಸರಿನ ಪಕ್ಕದಲ್ಲಿ ‘ಮತ್ತು ಹಮ್‌ನವಾ’ ಎಂದು ಮುದ್ರಿಸುತ್ತಿದ್ದರು. ನಮ್ಮ ಯಕ್ಷಗಾನ, ಬಯಲಾಟಗಳ ‘ಹಿಮ್ಮೇಳ’ ಇದಕ್ಕೆ ಹತ್ತಿರದ ಮಾತು. ಗಾಯಕ ಒಂದು ಸಾಲು ಎತ್ತಿಕೊಂಡರೆ ಹಮ್‌ನವಾಗಳು ಅದನ್ನು ಹಿಡಿದು ತಿರುಗಿಸುತ್ತಾರೆ. ಆತ ನಡುವೆ ಬೇರೊಂದು ಪದ್ಯದ ತುಣುಕನ್ನು ತಂದು ಗಂಟು ಹಾಕಿದಾಗ, ಅದಕ್ಕೆ ‘ಗಿರಹ್’ ಎನ್ನುತ್ತಾರೆ, ಮತ್ತೆ ಮೂಲ ಸಾಲಿಗೆ ಯಾವ ಕ್ಷಣದಲ್ಲಿ ಮರಳಬೇಕು ಎಂಬುದು ಎಲ್ಲರಿಗೂ ಗೊತ್ತಿರಬೇಕು. ಇದು ಕಾಗದ ನೋಡಿ ಬರುವುದಿಲ್ಲ. ಒಬ್ಬರ ಉಸಿರು ಇನ್ನೊಬ್ಬರಿಗೆ ಪರಿಚಯವಾಗುವಷ್ಟು ದಿನ ಜೊತೆಗಿದ್ದರೆ ಮಾತ್ರ ಬರುತ್ತದೆ. ನಮ್ಮ ಶಾಲೆಗಳಲ್ಲಿ ಕವ್ವಾಲಿಯ ತಯಾರಿ ಸ್ಪರ್ಧೆಯ ಸುತ್ತೋಲೆ ಬಂದ ಮೇಲೆ ಶುರುವಾಗಿ, ಸ್ಪರ್ಧೆ ಮುಗಿದ ದಿನ ಮುಗಿಯುತ್ತದೆ. ಬಹುಮಾನ ಉಳಿಯುತ್ತದೆ, ಮೇಳ ಉಳಿಯುವುದಿಲ್ಲ.

ಹಗಲಿನ ಶಾಲೆಗಳಿಗೆ ಒಂದು ನೆಪವಿದೆ. ನಾಲ್ಕೂವರೆಗೆ ಗಂಟೆ ಹೊಡೆದರೆ ಮಕ್ಕಳು ಊರಿನ ದಾರಿ ಹಿಡಿಯಬೇಕು. ವಸತಿ ಶಾಲೆಗೆ ಆ ನೆಪವಿಲ್ಲ. ಅಲ್ಲಿ ಸಂಜೆಗಳಿವೆ, ಭಾನುವಾರಗಳಿವೆ, ಒಂದೇ ಸೂರಿನಡಿ ಐದು, ಏಳು ವರ್ಷ ಜೊತೆಗೆ ಉಂಡು ಮಲಗುವ ಮಕ್ಕಳಿದ್ದಾರೆ. ಮೇಳ ಕಟ್ಟಲು ಬೇಕಾದ ಬಂಡವಾಳವೆಲ್ಲ ಅಲ್ಲಿ ಬಿದ್ದಿದೆ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕಡೆಯನ್ನೇ ತೆಗೆದುಕೊಳ್ಳೋಣ. ಪಾಳೆಯಗಾರರ ಕೋಟೆ, ಕರಡಿಗಳಿರುವ ಕಲ್ಲುಗುಡ್ಡ, ಒನಕೆ ಓಬವ್ವನ ತವರು ಎಂಬ ಜನರ ನಂಬಿಕೆ, ಇಷ್ಟು ಹೇಳಿದರೆ ಹೊರಗಿನವರಿಗೆ ಗುರುತು ಸಿಗುತ್ತದೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಯಾದ ಈ ಸೀಮೆ ಮಳೆಯಲ್ಲಿ ಬಡವಾದರೂ ಮೇಳದಲ್ಲಿ ಬಡವಾಗಿಲ್ಲ. ನಾಯಕರ ಹಟ್ಟಿಗಳಲ್ಲಿ ಉರುಮೆ ಇದೆ, ಗಾದ್ರಿ ಪಾಲನಾಯಕನ ಕಥೆಯಿದೆ. ಕೊಟ್ಟೂರಿನ ಕಡೆ ಸಮಾಳ, ನಂದಿಕೋಲು. ಜೋಗತಿಯರ ಚೌಡಿಕೆ. ಪೀರಲ ಹಬ್ಬ ಬಂದರೆ ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ಹಾಡುವ ರಿವಾಯತ್ ಮೇಳಗಳು. ಮುಸ್ಲಿಮರ ಮನೆ ಬೆರಳೆಣಿಕೆಯಷ್ಟೇ ಇರುವ ಊರಲ್ಲೂ ಅಲಾಯಿ ಕುಣಿಯುವವರಿಗೆ ಕೊರತೆಯಿಲ್ಲ. ಈ ಹಳ್ಳಿಗಳ ಮಗು ಹುಟ್ಟಿದಂದಿನಿಂದ ಗುಂಪಿನ ದನಿ ಕೇಳಿಯೇ ಬೆಳೆದಿರುತ್ತದೆ.

ಇಂಥ ಮಕ್ಕಳು ಆರನೇ ತರಗತಿಗೆ ಪರೀಕ್ಷೆ ಬರೆದು ವಸತಿ ಶಾಲೆ ಸೇರುತ್ತಾರೆ. ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯಲ್ಲಿ ಜವಾಹರ್ ನವೋದಯ ವಿದ್ಯಾಲಯವಿದೆ; ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಹೆಸರಿನ ಶಾಲೆಗಳು ನಾಡಿನ ಉದ್ದಗಲಕ್ಕೂ ಇವೆ. ನವೋದಯದ ಯೋಜನೆಯಲ್ಲಿ ಸಂಗೀತ ಶಿಕ್ಷಕರ ಹುದ್ದೆಯೇ ಇದೆ. ಒಂಬತ್ತನೇ ತರಗತಿಯ ಶೇ. 30ರಷ್ಟು ಮಕ್ಕಳು ಒಂದು ವರ್ಷ ಹಿಂದಿ ಸೀಮೆಯ ಶಾಲೆಗೆ ಹೋಗಿ, ಅಲ್ಲಿಯ ಮಕ್ಕಳು ಇಲ್ಲಿಗೆ ಬರುವ ಪದ್ಧತಿಯೂ ಇದೆ. ಹೋದ ಮಗು ಬೇರೆ ನುಡಿಯ ಹಾಡು ಹೊತ್ತು ತರುತ್ತದೆ. ಇದು ದೊಡ್ಡ ಅವಕಾಶ. ಆದರೆ ಸಂಗೀತಕ್ಕೆಂದೇ ಮೇಷ್ಟ್ರಿರುವ ರಾಜ್ಯ ಸರ್ಕಾರದ ಶಾಲೆಗಳು ಅಪರೂಪ. ನಾಡಗೀತೆಯನ್ನು ಯಾರ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕು ಎಂದು ನಾವು ವರ್ಷಗಟ್ಟಲೆ ವಾದ ಮಾಡಿ, 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡು ಎಂದು ಆದೇಶವನ್ನೂ ಪಡೆದೆವು. ಅದನ್ನು ಮಕ್ಕಳಿಗೆ ಶ್ರುತಿ ಹಿಡಿದು ಕಲಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ಆ ವಾದದಲ್ಲಿ ಮೂಲೆಗೆ ಸರಿಯಿತು.

ಹೀಗಾಗಿ ಅನೇಕ ವಸತಿ ಶಾಲೆಗಳಲ್ಲಿ ಮೇಳ ಎಂದು ಕರೆಯಬಹುದಾದದ್ದು ಒಂದೇ, ಆಗಸ್ಟ್ ಹದಿನೈದರ ಕವಾಯತಿನ ಬ್ಯಾಂಡ್ ಸೆಟ್. ಉಳಿದಂತೆ ವಾರ್ಷಿಕೋತ್ಸವಕ್ಕೆ ಬಾಡಿಗೆ ಸ್ಪೀಕರು, ಪೆನ್‌ಡ್ರೈವಿನ ಹಾಡು, ಅದಕ್ಕೆ ಹೆಜ್ಜೆ. ಅಪ್ಪ ಊರಲ್ಲಿ ಹಲಗೆ ಬಾರಿಸುವವನಾದರೆ ಮಗ ಅದನ್ನು ಹಾಸ್ಟೆಲಿನಲ್ಲಿ ಬಾಯಿಬಿಡುವುದಿಲ್ಲ. ಬಿಟ್ಟರೆ ಜಾತಿ ಹೊರಬೀಳುತ್ತದೆ. ಅದೇ ಹುಡುಗ ಬ್ಯಾಂಡಿನ ಡ್ರಮ್ಮನ್ನು ಮೊದಲ ದಿನವೇ ತಾಳ ತಪ್ಪದೆ ನುಡಿಸಿದರೆ ಎಲ್ಲರಿಗೂ ಆಶ್ಚರ್ಯ. ಮಗು ಮನೆಯಿಂದ ತಂದ ವಿದ್ಯೆಯನ್ನು ಟ್ರಂಕಿನ ತಳದಲ್ಲಿ ಬಚ್ಚಿಡುವಂತೆ ಮಾಡುವ ಶಾಲೆ ಎಷ್ಟು ಒಳ್ಳೆಯ ಫಲಿತಾಂಶ ತಂದರೂ ಏನನ್ನೋ ಕಸಿದುಕೊಂಡೇ ತಂದಿರುತ್ತದೆ.

ಬೇರೆ ದಾರಿ ಇತ್ತೇ? ಇತ್ತು, ನಮ್ಮ ಪಕ್ಕದಲ್ಲೇ ಇತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ, ಅನಾಥ ಮಕ್ಕಳಿಗೆ ಅನ್ನ, ವಸತಿ ಕೊಟ್ಟು ಸಂಗೀತ ಕಲಿಸಿದ ಮನೆ. ಹಾನಗಲ್ಲ ಕುಮಾರಸ್ವಾಮಿಗಳು ಬೆಳೆಸಿದ, ಸ್ವತಃ ಅಂಧರಾದ ಪಂಚಾಕ್ಷರ ಗವಾಯಿಗಳು (1892–1944) ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತುವ ಪಾಠಶಾಲೆಯಾಗಿ ಇದನ್ನು ನಡೆಸಿದರು. ಅವರಿಗೆ ಹಿಂದೂಸ್ತಾನಿ ಕಲಿಸಿದವರಲ್ಲಿ ಉಸ್ತಾದ್ ವಹೀದ್ ಖಾನರೂ ಒಬ್ಬರು ಎಂಬುದನ್ನು ನಮ್ಮ ಓದುಗರು ನೆನಪಿಡಬೇಕು. ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೇ ಕಟ್ಟಿದರು. ಮುಂದೆ ಪುಟ್ಟರಾಜ ಗವಾಯಿಗಳು (1914–2010) ನಾಟಕ ಬರೆದು, ಪಾತ್ರ ಮಾಡಿ, ಹತ್ತಾರು ವಾದ್ಯ ನುಡಿಸಿ ಅದನ್ನು ಮುಂದುವರಿಸಿದರು. ಅಲ್ಲಿಯ ವಿದ್ಯಾರ್ಥಿಗೆ ವೇದಿಕೆ ವರ್ಷಕ್ಕೊಮ್ಮೆ ಬರುವ ಹಬ್ಬವಾಗಿರಲಿಲ್ಲ, ದಿನದ ದುಡಿಮೆಯಾಗಿತ್ತು. ಹಾಡದವನು ತಬಲಾ ಹಿಡಿಯುತ್ತಿದ್ದ, ತಬಲಾ ಹಿಡಿಯದವನು ಹಾರ್ಮೋನಿಯಂ. ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದ ಬಾಲಕನೊಬ್ಬನನ್ನು 1968ರಲ್ಲಿ ಸೋದರಮಾವ, ತೊಗಲುಗೊಂಬೆ ಮತ್ತು ರಂಗಭೂಮಿಯ ಕಲಾವಿದ ಬೆಳಗಲ್ಲು ವೀರಣ್ಣ, ಈ ಆಶ್ರಮಕ್ಕೆ ಕರೆದುಕೊಂಡು ಹೋಗಿ ಬಿಟ್ಟರು. ಆ ಬಾಲಕನೇ ಇವತ್ತಿನ ಪಂಡಿತ್ ವೆಂಕಟೇಶ ಕುಮಾರ್. ವರ್ಷಗಟ್ಟಲೆ ಅಲ್ಲೇ ಇದ್ದು ಬೆಳೆದ ಕಂಠ ಅದು.

ಇದಕ್ಕೂ ಹಿಂದೆ, 1913ರಲ್ಲಿ, ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ನಡೆಸಿದ್ದರು. ವಿದ್ಯಾರ್ಥಿಗಳು ಅಲ್ಲೇ ಉಂಡು, ಮಲಗಿ, ಕಲಿತು, ಉಸ್ತಾದರ ಜಲಸಾಗಳಲ್ಲಿ ಹಾಡುತ್ತಿದ್ದರು; ಜಲಸಾದ ಟಿಕೆಟ್ಟಿನ ಹಣ ಶಾಲೆಯನ್ನು ನಡೆಸುತ್ತಿತ್ತು. ಒಬ್ಬ ಮುಸ್ಲಿಂ ಉಸ್ತಾದ್ ತನ್ನ ಶಾಲೆಗೆ ‘ಆರ್ಯ’ ಎಂದು ಹೆಸರಿಟ್ಟ ಕಾಲ ಅದು. ಇವೆರಡೂ ಸಂಗೀತಕ್ಕೆಂದೇ ಹುಟ್ಟಿದ ಮನೆಗಳು. ಗಣಿತ, ವಿಜ್ಞಾನದ ಶಾಲೆ ಹಾಗೇ ನಕಲು ಮಾಡಲಾಗದು, ಮಕ್ಕಳ ದುಡಿಮೆಯಿಂದ ಅಡುಗೆಮನೆ ನಡೆಯಬೇಕಾದ ಕಾಲವೂ ಮರಳಿ ಬರಬಾರದು. ಕಲಿಯಬೇಕಾದದ್ದು ಒಂದೇ: ಜೊತೆಗೆ ಬದುಕುವವರು ದಿನವೂ ಜೊತೆಗೆ ಹಾಡಿದರೆ ಮೇಳವಾಗುತ್ತದೆ, ಕೇಳುವವರಿದ್ದರೆ ಅದು ನಿಲ್ಲುತ್ತದೆ.

ನಮ್ಮ ಮನೆಗಳ ಒಳಗಿನ ಆಕ್ಷೇಪವನ್ನೂ ಮುಚ್ಚಿಡಬೇಕಿಲ್ಲ. ವಾದ್ಯ ಸಂಗೀತ ಸರಿಯೇ ತಪ್ಪೇ ಎಂದು ಉಲೇಮಾಗಳು ಶತಮಾನಗಳಿಂದ ಚರ್ಚಿಸಿದ್ದಾರೆ. ಚಿಶ್ತಿಗಳು ಸಮಾದ ಮಜ್ಲಿಸ್ ನಡೆಸಿದರು, ಬೇರೆಯವರು ಒಪ್ಪಲಿಲ್ಲ. ಆ ಚರ್ಚೆಯನ್ನು ಇಲ್ಲಿ ಮುಗಿಸುವುದು ನಮ್ಮ ಕೆಲಸವಲ್ಲ. ಮನೆಯವರು ಬೇಡವೆಂದರೆ ಮಗುವನ್ನು ಬಲವಂತ ಮಾಡಬಾರದು. ಆದರೆ ಕರಾವಳಿಯ ದರ್ಸುಗಳ ಕಡೆ ನೋಡಿ. ಅಲ್ಲಿ ತಂತಿ ವಾದ್ಯವಿಲ್ಲ. ಆದರೆ ಬುರ್ದಾ ಇದೆ, ನಾತ್ ಇದೆ, ಮಿಲಾದಿಗೆ ದಫ್ ಇದೆ. ಅಲ್ಲಿಯೇ ಉಳಿದು ಓದುವ ಹುಡುಗರು ಸಾಲಾಗಿ ಕೂತು ಹಾಡುವಾಗ ಇಪ್ಪತ್ತು ಕಂಠ ಒಂದಾಗುತ್ತದೆ. ಹಾರ್ಮೋನಿಯಂ ಬೇಡ ಎನ್ನುವವರೂ ಹಮ್‌ನವಾ ಬೇಡ ಎಂದಿಲ್ಲ. ನಮಗೆ ಹೆಚ್ಚು ಚಿಂತೆ ಹುಡುಗಿಯರದು. ಸ್ವಾಗತ ಗೀತೆಗೆ ಅವರೇ ಬೇಕು, ಅತಿಥಿಗಳು ಆಸೀನರಾದ ಮೇಲೆ ಅವರು ಬೇಡ. ಎಂಟನೇ ತರಗತಿ ದಾಟಿದ ಮುಸ್ಲಿಂ ಹುಡುಗಿಯನ್ನು ಕೇಳದೆಯೇ ಪಟ್ಟಿಯಿಂದ ತೆಗೆದು, ‘ಅವರ ಮನೆಯಲ್ಲಿ ಒಪ್ಪುವುದಿಲ್ಲ’ ಎಂದು ಶಾಲೆಯೇ ತೀರ್ಮಾನಿಸುವುದುಂಟು. ಒಪ್ಪದಿರುವ ಹಕ್ಕು ಮನೆಗಿದ್ದರೆ, ಕೇಳಿಸಿಕೊಳ್ಳುವ ಹಕ್ಕು ಹುಡುಗಿಗಿದೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಪ್ರತಿ ವಸತಿ ಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಸಂಜೆ ಮೇಳಕ್ಕೆ ಬಿಡಲಿ. ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ, ಒಂದೆರಡು ದಫ್, ಹಲಗೆ, ಉರುಮೆ ಇರಲಿ, ಬೀರುವಿನ ಬೀಗದ ಕೈ ಮಕ್ಕಳ ಬಳಿಯೂ ಇರಲಿ. ಸುತ್ತಿನ ಹಳ್ಳಿಯ ರಿವಾಯತ್ ಹಾಡುವವರನ್ನು, ಹಲಗೆಯವರನ್ನು, ಚೌಡಿಕೆಯವರನ್ನು ಗೌರವಧನ ಕೊಟ್ಟು ಗುರುಗಳೆಂದೇ ಕರೆಸಲಿ. ಹಲಗೆಯವನ ಮಗ ಅಂದು ಅಪ್ಪನ ಪಕ್ಕದಲ್ಲಿ ಕುಳಿತುಕೊಳ್ಳಲಿ. ತಿಂಗಳಿಗೊಮ್ಮೆ ಮಕ್ಕಳು ಊರ ಕಟ್ಟೆಯ ಮೇಲೆ, ಉರುಸಿನಲ್ಲಿ, ಜಾತ್ರೆಯಲ್ಲಿ, ಅದೂ ಆಗದಿದ್ದರೆ ಶಾಲೆಯ ಅಡುಗೆಯವರ ಮುಂದೆ ಹಾಡಲಿ. ಅಲ್ಲಿ ತೀರ್ಪುಗಾರರು ಬೇಡ, ಗಂಟೆಯೂ ಬೇಡ. ಹೀಗೆ ಒಂದು ವರ್ಷ ಜೊತೆಗೆ ಹಾಡಿದ ಮೇಳ ಪ್ರತಿಭಾ ಕಾರಂಜಿಗೂ ಹೋಗಲಿ. ಆಗ ಅದಕ್ಕೆ ಕಾಡಿಗೆಯ ಗಡ್ಡ ಬೇಕಾಗುವುದಿಲ್ಲ.