ಕಾಳು ಮತ್ತು ರಾಶಿ: ಬೆಕೆಟ್ಟನ ನಾಟಕದಲ್ಲಿ ಒಂದು ಗ್ರೀಕ್ ತರ್ಕ

ಗ್ರೀಕ್ ಪುರಾಣದ ವ್ಯಕ್ತಿಗಳು ಆಧುನಿಕ ನಾಟಕದಲ್ಲಿ ಪ್ರತೀಕಗಳಾಗಿ ಬರುವುದು ಸುಪರಿಚಿತವಾದ ಸಂಗತಿ. ಗ್ರೀಕ್ ತತ್ತ್ವಜ್ಞಾನದ ತರ್ಕವೊಂದು ಪ್ರತೀಕವಾಗಿ ನಿಲ್ಲುವುದು ಅಷ್ಟು ಸಾಮಾನ್ಯವಲ್ಲ. ಈ ದೃಷ್ಟಿಯಿಂದ ಸ್ಯಾಮ್ಯುಯೆಲ್ ಬೆಕೆಟ್ಟನ ‘ಎಂಡ್‌ಗೇಮ್’ ನಾಟಕವು ಪರಿಶೀಲನಾರ್ಹವಾಗಿದೆ. ಫ್ರೆಂಚ್ ಭಾಷೆಯಲ್ಲಿ ರಚಿತವಾದ ಇದು 1957ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಮೊದಲು ಪ್ರಯೋಗಗೊಂಡಿತು.

ರಂಗದ ಮೇಲೆ ಒಂದು ಬರಿದಾದ ಕೋಣೆ. ಕುರುಡನೂ ಎದ್ದು ನಿಲ್ಲಲಾರದವನೂ ಆದ ಹ್ಯಾಮ್; ಕುಳಿತುಕೊಳ್ಳಲಾರದ ಸೇವಕ ಕ್ಲೋವ್; ಕಸದ ಡಬ್ಬಿಗಳಲ್ಲಿ ಹ್ಯಾಮನ ತಂದೆತಾಯಿಗಳು. ಕಾಳಿನ ಮೇಲೆ ಕಾಳು ಬಿದ್ದು ಒಂದು ದಿನ ಹಠಾತ್ತನೆ ರಾಶಿಯಾಗುವುದನ್ನು ಕ್ಲೋವ್ ಆರಂಭದಲ್ಲಿಯೇ ಕಲ್ಪಿಸುವನು; ಆ ರಾಶಿಯನ್ನು ಅಸಾಧ್ಯವೆಂದೂ ಕರೆಯುವನು. ಮುಂದೆ ಹ್ಯಾಮ್ ಕ್ಷಣಗಳನ್ನು ಒಬ್ಬ ಹಳೆಯ ಗ್ರೀಕನ ಬರಗಿನ ಕಾಳುಗಳಿಗೆ ಹೋಲಿಸುವನು. ಅವು ಕೂಡಿ ಬಾಳಾಗಲೆಂದು ಮನುಷ್ಯನು ಆಯುಷ್ಯವೆಲ್ಲ ಕಾಯುವನೆಂಬುದು ಅವನ ಮಾತಿನ ಭಾವ.

ಈ ‘ಹಳೆಯ ಗ್ರೀಕ’ ಯಾರು? ಇಲ್ಲಿ ಎರಡು ತರ್ಕಗಳನ್ನು ಬೇರ್ಪಡಿಸುವುದು ಅವಶ್ಯಕ. ಬರಗಿನ ಕಾಳು ಜೀನೋನದು. ಒಂದು ಕಾಳು ಬಿದ್ದರೆ ಸದ್ದು ಕೇಳಿಸದು, ಮೂಟೆ ಬಿದ್ದರೆ ಕೇಳಿಸುವುದು. ಹಾಗಾದರೆ ಆ ಸದ್ದಿನಲ್ಲಿ ಒಂದು ಕಾಳಿನ ಪಾಲೆಷ್ಟು? ಅರಿಸ್ಟಾಟಲನು ತನ್ನ ‘ಭೌತಶಾಸ್ತ್ರ’ದಲ್ಲಿ ಇದನ್ನು ಚರ್ಚಿಸಿರುವನು. ರಾಶಿಯ ತರ್ಕವಾದರೋ ಕ್ರಿ. ಪೂ. 4ನೆಯ ಶತಮಾನದ ಯೂಬುಲಿಡೀಸನದೆಂದು ಪ್ರತೀತಿ. ಎಷ್ಟನೆಯ ಕಾಳಿಗೆ ರಾಶಿಯಾಯಿತೆಂದು ಯಾರೂ ಹೇಳಲಾರರು; ಆದರೂ ರಾಶಿ ಕಣ್ಣೆದುರಿಗಿರುವುದು. ಎಷ್ಟು ಕೂದಲು ಉದುರಿದರೆ ಬೋಳುತಲೆ ಎಂಬ ಸೋದರ ತರ್ಕವೂ ಅವನ ಹೆಸರಿನಲ್ಲಿಯೇ ಇದೆ.

ಈ ಉಲ್ಲೇಖಗಳು ಕೇವಲ ಪಾಂಡಿತ್ಯದ ಅಲಂಕಾರವೆಂದು ತೋರಬಹುದು. ನಮ್ಮ ಅಭಿಪ್ರಾಯದಲ್ಲಿ ನಾಟಕದ ರಚನೆಯೇ ಈ ತರ್ಕವನ್ನು ಅನುಸರಿಸಿದೆ. ಮಾತಿನಲ್ಲಿ ಕಾಳುಗಳು ಕೂಡುತ್ತಿದ್ದರೆ ಕ್ರಿಯೆಯಲ್ಲಿ ಒಂದೊಂದೇ ವಸ್ತು ಕಳೆಯುತ್ತ ಹೋಗುವುದು. ಸೈಕಲ್ ಚಕ್ರಗಳಿಲ್ಲ, ಗಂಜಿಯಿಲ್ಲ, ನೋವಿನ ಔಷಧಿಯಿಲ್ಲ, ಕೊನೆಗೆ ಶವಪೆಟ್ಟಿಗೆಗಳೂ ಇಲ್ಲ. ಇದು ಬೋಳುತಲೆಯ ತರ್ಕವಲ್ಲದೆ ಮತ್ತೇನು? ಯಾವ ನಷ್ಟವೂ ತಾನೇ ಅಂತ್ಯವಾಗದು. ಕಡೆಯಲ್ಲಿ ಪ್ರಯಾಣಸನ್ನದ್ಧನಾದ ಕ್ಲೋವ್ ಬಾಗಿಲ ಬಳಿ ನಿಶ್ಚಲನಾಗಿ ನಿಂತಿರುವಂತೆಯೇ ಪರದೆ ಬೀಳುವುದು. ಅವನು ಹೊರಟನೋ ಇಲ್ಲವೋ ಎಂಬುದು ತೀರ್ಮಾನವಾಗುವುದೇ ಇಲ್ಲ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಗ್ರೀಕನನ್ನು ಹೆಸರಿಸಬೇಕಾದಲ್ಲಿ ಹ್ಯಾಮ್ ತಡವರಿಸುವನು. ಹೆಸರು ಬಾಯಿಗೆ ಬರುವುದೇ ಇಲ್ಲ. ಮುಗಿದುಹೋದ ವಸ್ತುಗಳ ಪಟ್ಟಿಗೆ ಹೀಗೆ ಒಂದು ಸಂಸ್ಕೃತಿಯ ನೆನಪೂ ಸೇರುವುದು. ಆ ಗ್ರೀಕನು ಯಾರೆಂದು ಹುಡುಕಿ ಹೇಳುವ ವ್ಯಾಖ್ಯಾನಕಾರನು, ನಾವೂ ಸೇರಿದಂತೆ, ನಾಟಕಕಾರನು ಬೇಕೆಂದೇ ಬಿಟ್ಟ ತೆರಪನ್ನು ಮುಚ್ಚುತ್ತಿರುವನೆಂಬ ಎಚ್ಚರದಿಂದಿರಬೇಕು.

ಇತಿಹಾಸದ ಅಧ್ಯಾಪಕರಾದ ನಮಗೆ ಈ ಪ್ರತೀಕವು ಬೇರೊಂದು ಕಾರಣದಿಂದಲೂ ಮುಖ್ಯವಾಗಿದೆ. ಪಶ್ಚಿಮ ರೋಮನ್ ಸಾಮ್ರಾಜ್ಯವು 476ರಲ್ಲಿ ಕೊನೆಗೊಂಡಿತೆಂದು ನಾವು ತರಗತಿಯಲ್ಲಿ ಬರೆಯಿಸುತ್ತೇವೆ. ರೋಮುಲಸ್ ಆಗಸ್ಟುಲಸನನ್ನು ಓಡೊಯೇಸರನು ಪದಚ್ಯುತಗೊಳಿಸಿದುದು ಆ ವರ್ಷವೇ ಸರಿ. ಆದರೆ ಆ ದಿನ ಬಿದ್ದುದು ಒಂದು ಕಾಳು ಮಾತ್ರ. ಪ್ರಾಂತಗಳು ಅದಕ್ಕೆ ಮೊದಲೇ ಒಂದೊಂದಾಗಿ ಕೈಬಿಟ್ಟಿದ್ದವು. ಪೂರ್ವದ ಸಾಮ್ರಾಜ್ಯವು 1453ರವರೆಗೂ ಉಳಿದಿತ್ತು. ಗೆರೆ ಎಳೆಯದೆ ಪಾಠ ಹೇಳಲಾಗದೆಂಬುದು ನಿಜ. ಆ ಗೆರೆ ನಮ್ಮದು, ಕಾಲದ್ದಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದೂ ಪಾಠದ ಭಾಗವೇ ಆಗಿದೆ.