ನಡೆಯುತ್ತಿರುವ ಓದು: ಭಾರತವಾಚನದ ಕೇಳುಗರು ಮತ್ತು ವಿಮರ್ಶೆಯ ಮರೆವು

ಕನ್ನಡ ಸಾಹಿತ್ಯ ಚರಿತ್ರೆಗಳು ಕುಮಾರವ್ಯಾಸನ ಕಾಲ, ದೇಶ, ಮತ ಮತ್ತು ಕಾವ್ಯಗುಣಗಳನ್ನು ಕುರಿತು ವಿಸ್ತಾರವಾಗಿ ಚರ್ಚಿಸಿವೆ. ‘ಕರ್ಣಾಟ ಭಾರತ ಕಥಾಮಂಜರಿ’ಯ ಹಸ್ತಪ್ರತಿಗಳು, ಪಾಠಾಂತರಗಳು, ಮುದ್ರಣಗಳು ಸಂಶೋಧಕರ ಗಮನವನ್ನು ಸಾಕಷ್ಟು ಸೆಳೆದಿವೆ. ಆದರೆ ಹಳ್ಳಿಯ ಜಗುಲಿ, ಚಾವಡಿ, ಗುಡಿ, ಮಠಗಳಲ್ಲಿ ಕುಳಿತು ಈ ಕಾವ್ಯವನ್ನು ತಲೆಮಾರುಗಳ ಕಾಲ ಒಟ್ಟಾಗಿ ಓದಿಕೊಂಡು ಬಂದವರ ಓದು ಎಂಥದು ಎಂಬ ಪ್ರಶ್ನೆ ಚರ್ಚೆಯ ಅಂಚಿನಲ್ಲಿಯೇ ಉಳಿದಿದೆ. ವಾಚನವನ್ನು ಕಾವ್ಯದ ಪ್ರಸಾರವೆಂದು ಬಗೆಯಲಾಗಿದೆಯೇ ಹೊರತು ಕಾವ್ಯದ ವಿಮರ್ಶೆಯೆಂದು ಅಲ್ಲ. ಈ ನಿಲುವನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಆಡುನುಡಿಯ ಸಾಕ್ಷ್ಯವನ್ನು ಗಮನಿಸಬೇಕು. ‘ಭಾರತ ಓದಿಸುವುದು’, ‘ಶನಿಮಹಾತ್ಮೆ ಓದಿಸುವುದು’ ಎಂಬ ಬಳಕೆಗಳು ಹಳೆಯ ಮೈಸೂರು ಭಾಗದಲ್ಲಿ ಸಾಮಾನ್ಯ. ಉತ್ತರ ಕರ್ನಾಟಕದಲ್ಲಿ ‘ಪುರಾಣ ಹಚ್ಚುವುದು’ ಎನ್ನುತ್ತಾರೆ. ಈ ಮಾತುಗಳಲ್ಲಿ ಓದು ಒಬ್ಬನ ಕ್ರಿಯೆಯಲ್ಲ. ಓದಿಸುವವರು, ಓದುವವರು, ಅರ್ಥ ಹೇಳುವವರು, ಕೇಳುವವರು ಎಂಬ ನಾಲ್ಕು ಪಾತ್ರಗಳು ಸೇರಿದಾಗಲೇ ಅದು ಪೂರ್ಣವಾಗುತ್ತದೆ. ಮಳೆ ಹಿಂದೆಗೆದಾಗ ವಿರಾಟಪರ್ವ ಓದಿಸುವ ನಂಬಿಕೆ, ಶ್ರಾವಣ ಮಾಸದ ಪುರಾಣಶ್ರವಣ, ನವರಾತ್ರಿಯಲ್ಲಿ ಚಿದಾನಂದಾವಧೂತರ ದೇವೀಪುರಾಣದ ಪಾರಾಯಣ, ಇವೆಲ್ಲವೂ ಇಡೀ ಊರು ಒಂದೇ ಪುಸ್ತಕವನ್ನು ಒಂದೇ ಕಾಲದಲ್ಲಿ ಓದುವ ಏರ್ಪಾಡುಗಳು. ‘ಭಾರತ ಎಲ್ಲಿಗೆ ಬಂತು?’ ಎಂದು ಕೇಳಿದರೆ, ಹಿಂದಿನ ರಾತ್ರಿ ಬಾರದವನೂ ಕಥೆಯೊಳಗೆ ತನ್ನ ಜಾಗವನ್ನು ಹಿಡಿದುಕೊಳ್ಳಬಲ್ಲನು.

ಇಲ್ಲಿ ಹಂಚಿಕೆಯಾಗುವುದು ಓದಿ ಮುಗಿಸಿದ ಪುಸ್ತಕವಲ್ಲ, ನಡೆಯುತ್ತಿರುವ ಓದು. ಈ ವ್ಯತ್ಯಾಸ ಮಹತ್ವದ್ದು. ಕುಮಾರವ್ಯಾಸನ ಹತ್ತು ಪರ್ವಗಳಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಪದ್ಯಗಳಿವೆ. ಇಷ್ಟು ದೊಡ್ಡ ಕಾವ್ಯದ ವಾಚನ ತಿಂಗಳುಗಟ್ಟಲೆ ಸಾಗುವುದು ಸಹಜ. ದ್ಯೂತದ ಸಂಧಿಗಳನ್ನು ಕೇಳಿ ಮನೆಗೆ ಹೋದವನ ಮನಸ್ಸಿನಲ್ಲಿ ಧರ್ಮರಾಯನ ನಡತೆ ಇನ್ನೂ ತೀರ್ಮಾನವಾಗದ ಪ್ರಶ್ನೆ. ಮರುದಿನ ಹೊಲದಲ್ಲಿ, ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ ಆ ಪ್ರಶ್ನೆ ಚರ್ಚೆಯಾಗುತ್ತದೆ. ಕಥೆಯ ಕೊನೆ ಎಲ್ಲರಿಗೂ ತಿಳಿದಿದೆ. ಆದ್ದರಿಂದ ಕುತೂಹಲ ಮುಂದೇನಾಯಿತು ಎಂಬುದರತ್ತ ಇಲ್ಲ, ಮಾಡಿದ್ದು ಸರಿಯೇ ಎಂಬುದರತ್ತ ಇದೆ. ಅಚ್ಚಿನ ವಿಮರ್ಶೆ ಕೃತಿಯನ್ನು ಮುಗಿದ ವಸ್ತುವೆಂದು ನೋಡಿ ತೀರ್ಪು ಕೊಡುತ್ತದೆ. ವಾಚನದ ಕೇಳುಗ ಪಾತ್ರಗಳ ನಡುವೆ ಇದ್ದುಕೊಂಡೇ ತೀರ್ಪು ಕೊಡುತ್ತಾನೆ, ಮುಂದಿನ ಸಂಧಿಯಲ್ಲಿ ಅದನ್ನು ತಿದ್ದಿಕೊಳ್ಳಲೂ ಬಲ್ಲನು.

ಕಾವ್ಯದ ರಚನೆಯೂ ಇಂಥ ಓದಿಗೆ ಒದಗಿಬರುತ್ತದೆ. ಪ್ರತಿ ಸಂಧಿಯ ಆರಂಭದಲ್ಲಿ ಬರುವ ‘ಸೂಚನೆ’ ಪದ್ಯವನ್ನು ಕೇವಲ ಕಾವ್ಯಸಂಪ್ರದಾಯವೆಂದು ವಿವರಿಸುವುದುಂಟು. ವಾಚನದ ದೃಷ್ಟಿಯಿಂದ ನೋಡಿದರೆ, ಆ ಹೊತ್ತಿನ ಕಥೆಯನ್ನು ಮೊದಲೇ ತಿಳಿಸಿ, ನಡುವೆ ಬಂದು ಸೇರಿದವನನ್ನೂ ಒಳಗೊಳ್ಳುವ ಉಪಾಯವದು. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿಯೂ ಇದೇ ಕ್ರಮವಿದೆ. ಇದಲ್ಲದೆ ಕುಮಾರವ್ಯಾಸ ತನ್ನ ಪೀಠಿಕೆಯಲ್ಲಿಯೇ, ಅರಸರು, ಯೋಗಿಗಳು, ಮಂತ್ರಿಗಳು, ವಿರಹಿಗಳು ಈ ಕಾವ್ಯದಲ್ಲಿ ತಮಗೆ ಬೇಕಾದುದನ್ನು ಬೇರೆ ಬೇರೆಯಾಗಿ ಕಾಣುವರೆಂಬ ಆಶಯವನ್ನು ಪ್ರಕಟಿಸಿದ್ದಾನೆ. ಹಲವು ಬಗೆಯ ಜನ ಸೇರಿದ ಸಭೆಯೊಂದು ಕವಿಯ ಕಣ್ಣೆದುರು ಇತ್ತೆಂದು ಇದರಿಂದ ಊಹಿಸಬಹುದು.

ವ್ಯಾಖ್ಯಾನಕಾರನ ಸ್ಥಾನ ಇನ್ನೂ ಸೂಕ್ಷ್ಮವಾದುದು. ಗಮಕಿ ಪದ್ಯದ ಪಾಠಕ್ಕೆ ಬದ್ಧ. ವ್ಯಾಖ್ಯಾನಕಾರ ಎದುರಿಗಿರುವ ಸಭೆಗೂ ಬದ್ಧ. ಅವನು ಊರಿನ ಗಾದೆ, ಬೇಸಾಯದ ಅನುಭವ, ದಾಯಾದಿ ಜಗಳಗಳ ನೆನಪುಗಳನ್ನು ಕಾವ್ಯದ ಅರ್ಥಕ್ಕೆ ಜೋಡಿಸುತ್ತಾನೆ. ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆಯಲ್ಲಿ ಈ ಪ್ರವೃತ್ತಿ ಅತ್ಯಂತ ಬೆಳೆದ ರೂಪವನ್ನು ಪಡೆದಿದೆ. ವೇಷವಿಲ್ಲದೆ, ಕುಳಿತಲ್ಲಿಯೇ, ಪ್ರಸಂಗದ ಪದ್ಯಗಳಿಗೆ ಅರ್ಥಧಾರಿಗಳು ಆಶುವಾಗಿ ಮಾತು ಕಟ್ಟುತ್ತಾರೆ. ‘ವಾಲಿವಧೆ’ಯಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವ ಸಂದರ್ಭ ಇದಕ್ಕೆ ಉತ್ತಮ ನಿದರ್ಶನ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳ ಮಾತುಗಾರಿಕೆಯ ಹಿಂದೆ ಹಲವು ಕಾವ್ಯ-ಪುರಾಣಗಳ ವ್ಯಾಸಂಗವಿತ್ತು. ಓದಿದ್ದನ್ನು ಸಭೆಯ ಮುಂದೆ ವಾದಕ್ಕೆ ಒಡ್ಡುವ ಈ ಕಲೆಯನ್ನು ರಂಗಪ್ರಕಾರವೆಂದು ಮಾತ್ರ ವರ್ಗೀಕರಿಸುವುದು ಸಾಲದು.

ಹೀಗೆಂದ ಮಾತ್ರಕ್ಕೆ ಸಾಮೂಹಿಕ ಓದನ್ನು ಸಮಾನತೆಯ ಆದರ್ಶವೆಂದು ವೈಭವೀಕರಿಸುವುದು ಸರಿಯಲ್ಲ. ಜಗುಲಿಯ ಮೇಲೆ ಯಾರು, ಅಂಗಳದಲ್ಲಿ ಯಾರು, ಬಾಗಿಲ ಹಿಂದೆ ಯಾರು ಎಂಬುದನ್ನು ಜಾತಿ ಮತ್ತು ಲಿಂಗಗಳು ನಿರ್ಧರಿಸುತ್ತಿದ್ದವು. ಓಲೆಗರಿಯನ್ನು ಮುಟ್ಟುವ ಹಕ್ಕು ಎಲ್ಲರಿಗೂ ಇರಲಿಲ್ಲ. ಕೇಳಿಸಿಕೊಂಡವರೆಲ್ಲರೂ ಮರುಪ್ರಶ್ನೆ ಹಾಕುವಂತಿರಲಿಲ್ಲ. ದನಿ ಮೆಟ್ಟಿಲನ್ನು ದಾಟಿ ಹೋಗುತ್ತಿತ್ತು, ಕೇಳಿದವರು ಮೆಟ್ಟಿಲನ್ನು ಹತ್ತುವಂತಿರಲಿಲ್ಲ. ಆದ್ದರಿಂದ ‘ಹಂಚಿಕೆ’ ಎಂಬ ಪದವನ್ನು ಬಳಸುವಾಗ ಕೇಳುವ ಅವಕಾಶ ಮತ್ತು ಮಾತನಾಡುವ ಅಧಿಕಾರಗಳನ್ನು ಬೇರ್ಪಡಿಸಿ ನೋಡಬೇಕು. ಸಭೆಯಲ್ಲಿ ಬಾಯಿ ತೆರೆಯಲಾಗದವರ ವಿಮರ್ಶೆ ಬೀಸುವ ಪದ, ಸೋಬಾನೆ, ಒಗಟು, ಗಾದೆಗಳಲ್ಲಿ ಹೊರಬಂದಿರುವ ಸಾಧ್ಯತೆಯನ್ನು ಈ ನೆಲೆಯಿಂದಲೇ ಶೋಧಿಸಬೇಕಾಗಿದೆ.

ಇಂಥ ಶೋಧ ಹಿಂದುಳಿಯಲು ಅಧ್ಯಯನಶಿಸ್ತುಗಳ ಗಡಿಗಳೇ ಬಹುಮಟ್ಟಿಗೆ ಕಾರಣ. ಮಲೆಯ ಮಾದೇಶ್ವರ, ಮಂಟೇಸ್ವಾಮಿ, ಜುಂಜಪ್ಪ ಕಾವ್ಯಗಳನ್ನು ಜಾನಪದ ವಿದ್ವಾಂಸರು ಶ್ರದ್ಧೆಯಿಂದ ಸಂಗ್ರಹಿಸಿದರು. ಅದೇ ಊರುಗಳಲ್ಲಿ ನಡೆಯುತ್ತಿದ್ದ ಭಾರತವಾಚನ ಮಾತ್ರ ಲಿಖಿತ ಮೂಲದ್ದೆಂಬ ಕಾರಣಕ್ಕೆ ಅವರ ಕಕ್ಷೆಯಿಂದ ಹೊರಗುಳಿಯಿತು. ಗ್ರಂಥಸಂಪಾದಕರಿಗಾದರೋ ಅದು ಪಾಠನಿರ್ಣಯಕ್ಕೆ ಒದಗದ ಸಾಮಗ್ರಿ. 1960ರಲ್ಲಿ ಪ್ರಕಟವಾದ ಆಲ್ಬರ್ಟ್ ಲಾರ್ಡ್‌ನ ‘ದಿ ಸಿಂಗರ್ ಆಫ್ ಟೇಲ್ಸ್’ ಮೌಖಿಕ ಕಾವ್ಯರಚನೆಯ ಅಧ್ಯಯನಕ್ಕೆ ಹೊಸ ದಾರಿ ತೆರೆಯಿತೆಂಬುದು ನಿಜ. ಆದರೆ ಅದರ ಪ್ರಭಾವದಿಂದ ಮೌಖಿಕ-ಲಿಖಿತಗಳ ನಡುವಣ ಗೆರೆ ಇನ್ನಷ್ಟು ಗಟ್ಟಿಯಾಯಿತು. ಪುಸ್ತಕವನ್ನು ಕಿವಿಯಿಂದ ಓದುವ ಸಮಾಜಕ್ಕೆ ಆ ಗೆರೆ ಹೊಂದುವುದಿಲ್ಲ.

ಪ್ರಶ್ನೆ ಕೇವಲ ಶಾಸ್ತ್ರೀಯವಲ್ಲ. ಏಳು ವರ್ಷ ಮೇಲ್ಪಟ್ಟ, ಯಾವುದಾದರೊಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರನ್ನು ಜನಗಣತಿ ಸಾಕ್ಷರರೆಂದು ಗುರುತಿಸುತ್ತದೆ. 2011ರ ಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡಾ 75.36. ಉಳಿದವರಲ್ಲಿ ಗದಾಪರ್ವದ ವ್ಯಾಖ್ಯಾನವನ್ನು ಇಡೀ ರಾತ್ರಿ ಕೇಳಿ ದುರ್ಯೋಧನನ ಪರವಾಗಿ ವಾದ ಹೂಡಬಲ್ಲ ಹಿರಿಯರೂ ಸೇರಿದ್ದಾರೆ. ಅಕ್ಷರ ಅವರ ಹಕ್ಕು. ಅದು ದೊರೆಯದಿದ್ದುದು ಅನ್ಯಾಯ. ಆದರೆ ಅಕ್ಷರವಿಲ್ಲವೆಂದ ಮಾತ್ರಕ್ಕೆ ಅವರ ಕಾವ್ಯಜ್ಞಾನವೂ ಇಲ್ಲವೆಂದು ಎಣಿಸುವುದು ಎರಡನೆಯ ಅನ್ಯಾಯ.

ಗಮಕಕ್ಕೆ ಈಗ ಗೌರವ ಸಂದಿದೆ, ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಆದರೆ ನಗರದ ವೇದಿಕೆಗಳಲ್ಲಿ ಬಹುಪಾಲು ಒಂದು ಸಂಜೆಗೆ ಹೊಂದುವ ಆಯ್ದ ಭಾಗವಷ್ಟೇ ವಾಚನವಾಗುತ್ತದೆ. ಕಲೆ ಉಳಿದರೂ ‘ಎಲ್ಲಿಗೆ ಬಂತು?’ ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ಕ್ಷೇತ್ರಕಾರ್ಯದ ಧ್ವನಿಮುದ್ರಣ ಪದ್ಯ ಮುಗಿದೊಡನೆ ನಿಲ್ಲದೆ, ವಿರಾಮದ ಮಾತು, ಕೇಳುಗರ ಆಕ್ಷೇಪ, ಮರುದಿನದ ಹರಟೆಗಳನ್ನೂ ಒಳಗೊಳ್ಳಬೇಕು. ಪುಸ್ತಕವನ್ನು ಎರವಲು ಪಡೆದವರ ಹೆಸರನ್ನು ದಾಖಲಿಸುವ ಗ್ರಂಥಾಲಯಗಳು, ಅದನ್ನು ಮನೆಯಲ್ಲಿ ಎಷ್ಟು ಮಂದಿಗೆ ಓದಿ ಹೇಳಲಾಯಿತೆಂಬುದನ್ನೂ ಕೇಳಿ ಬರೆದಿಡಬಹುದು. ಇಂಥ ದಾಖಲೆಗಳು ದೊರೆತಾಗ ಕನ್ನಡ ವಿಮರ್ಶೆಯ ಚರಿತ್ರೆಯನ್ನು ಮುದ್ರಿತ ಲೇಖನಗಳಿಂದಾಚೆಗೂ ವಿಸ್ತರಿಸಿ ಬರೆಯಲು ಸಾಧ್ಯವಾಗುತ್ತದೆ. ಸುದೀರ್ಘ ವಾಚನಗಳನ್ನು ಕೇಳಿ ಬೆಳೆದ ತಲೆಮಾರು ಕಣ್ಮರೆಯಾಗುವ ಮೊದಲೇ ಈ ಕೆಲಸ ನಡೆಯಬೇಕಾಗಿದೆ.